ಇಂಗಿನೊಳಗಿನ ಹಿಟ್ಟು

ತಿಪಟೂರಿನ ಕಡೆಯ ಆ ರೈತರಿಗೆ ಮದುವೆಮನೆಗೆ ಹೋದಲ್ಲೆಲ್ಲ ಒಂದು ಪ್ರಶ್ನೆ ತಪ್ಪಿದ್ದಲ್ಲ: “ಮಗಳು ಬೆಂಗಳೂರಲ್ಲಿ ಏನು ಕೆಲಸ ಮಾಡ್ತಾಳೆ?” ಮಗಳು ಬಿ.ಎಸ್ಸಿ. ಮುಗಿಸಿದವಳು, ರಸಾಯನಶಾಸ್ತ್ರದಲ್ಲಿ ಒಳ್ಳೆಯ ಅಂಕ ಪಡೆದವಳು. ಕೆಲಸಕ್ಕೆ ಸೇರಿದ್ದು ಮಸಾಲೆ ಪುಡಿ ತಯಾರಿಸುವ ಒಂದು ಕಾರ್ಖಾನೆಗೆ. ಪ್ರಯೋಗಾಲಯದಲ್ಲಿದ್ದಾಳೆ ಎನ್ನೋಣವೆಂದರೆ ಅದು ಪೂರ್ತಿ ನಿಜವಲ್ಲ, ಕಚೇರಿಯಲ್ಲಿದ್ದಾಳೆ ಎಂದರೆ ಅದೂ ಅಲ್ಲ. ಕೊನೆಗೆ ಅವರು ಎಲೆಯ ಮುಂದೆ ಕೂತು ಕೊಡುತ್ತಿದ್ದ ಉತ್ತರ ಇಷ್ಟು: “ಅದೇನೋ ಕಂಪ್ಯೂಟ್ರಲ್ಲಿ ಇಂಗು, ಮೆಣಸಿನ್ಕಾಯಿ ಬರ್ದಿಡ್ತಾಳಂತೆ ಕಣಯ್ಯಾ.” ಪಂಕ್ತಿಯಲ್ಲಿದ್ದವರಿಗೆಲ್ಲ ನಗು.

ನಗು ಅವರಿಗೂ ಬರುತ್ತಿತ್ತು. ಆದರೆ ಒಳಗೊಳಗೇ ಒಂದು ಬೇಸರ. “ಏನವ್ವಾ, ಬಿ.ಎಸ್ಸಿ. ಓದ್ಸಿದ್ದು ಇಂಗು ಬರ್ಯಾಕಾ?” ಎಂದು ಮಗಳನ್ನೇ ಕೇಳಿದ್ದೂ ಉಂಟು.

“ಬರೆಯೋದು ಆಮೇಲೆ ಅಪ್ಪಾ. ಇಂಗಿನೊಳಗೆ ಏನಿದೆ ಅಂತ ಮೊದ್ಲು ನೋಡ್ಬೇಕು.”

“ಇಂಗಿನೊಳಗೆ ಇಂಗಲ್ದೆ ಇನ್ನೇನಿರುತ್ತೆ?”

ಇರುತ್ತದೆ. ನಿಮ್ಮ ಅಡುಗೆಮನೆಯ ಇಂಗಿನ ಡಬ್ಬಿಯನ್ನು ಒಮ್ಮೆ ತಿರುಗಿಸಿ ಓದಿ ನೋಡಿ. ಅಪ್ಪಟ ಇಂಗೆಂದರೆ ಫೆರೂಲಾ ಎಂಬ ಗಿಡದ ಬೇರಿನಿಂದ ಒಸರುವ ಅಂಟು. ನಮಗೆ ಅದು ಬರುವುದು ಅಫ್ಘಾನಿಸ್ತಾನ, ಇರಾನ್, ಉಜ್ಬೇಕಿಸ್ತಾನಗಳಿಂದ. ನಮ್ಮ ದೇಶದ ವಿಜ್ಞಾನಿಗಳು ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ ಅದರ ಸಸಿ ನೆಟ್ಟದ್ದು 2020ರಲ್ಲಷ್ಟೇ. ಅಪ್ಪಟ ಇಂಗಿನ ಘಾಟು ತಡೆಯಲಾಗದಷ್ಟು. ಅದಕ್ಕಾಗಿ ಗೋಂದು ಮತ್ತು ಯಾವುದಾದರೊಂದು ಹಿಟ್ಟು ಬೆರೆಸಿ ಹದ ಮಾಡುತ್ತಾರೆ. ಇದು ಕಲಬೆರಕೆಯಲ್ಲ. ಕಾನೂನೇ ಒಪ್ಪಿರುವ ‘ಬಂಧಾನಿ ಹಿಂಗ್’ ಇದು. ಬೆರೆಸುವ ಹಿಟ್ಟು ಅಕ್ಕಿಯದೂ ಆಗಬಹುದು, ಗೋಧಿಯದೂ ಆಗಬಹುದು. ನಮ್ಮ ನಿಮ್ಮಂಥವರಿಗೆ ಎರಡೂ ಒಂದೇ. ಗೋಧಿಯಲ್ಲಿರುವ ಗ್ಲೂಟೆನ್ ಎಂಬ ಪ್ರೋಟೀನು ಒಗ್ಗದ ಸೀಲಿಯಾಕ್ ಕಾಯಿಲೆಯ ಮಗುವಿಗೆ ಮಾತ್ರ ಎರಡೂ ಒಂದೇ ಅಲ್ಲ. ಅಂಥ ಮಗುವಿನ ಸಣ್ಣ ಕರುಳಿನ ಒಳಪದರ ಗ್ಲೂಟೆನ್‌ನಿಂದ ಹಾಳಾಗುತ್ತದೆ. ಉಂಡದ್ದು ಮೈಗೆ ಹತ್ತುವುದಿಲ್ಲ, ಬೆಳವಣಿಗೆ ಕುಂಠಿತವಾಗುತ್ತದೆ.

ಆ ಮಗುವಿನ ತಾಯಿ ಗೋಧಿ ಹಿಟ್ಟಿನ ಡಬ್ಬವನ್ನು ಮನೆಯಿಂದಲೇ ಹೊರಹಾಕಿರುತ್ತಾಳೆ. ಆದರೆ ಸಾಂಬಾರು ಪುಡಿಯೊಳಗೆ ಇಂಗು, ಇಂಗಿನೊಳಗೆ ಗೋಧಿ ಎಂಬುದು ಅವಳಿಗೆ ಹೇಗೆ ತಿಳಿಯಬೇಕು? ಪೊಟ್ಟಣದ ಮೇಲೆ ಬರೆದಿದ್ದರೆ ಮಾತ್ರ. ಪೊಟ್ಟಣದ ಮೇಲೆ ಬರೆಯುವವರಿಗೆ ಹೇಗೆ ತಿಳಿಯಬೇಕು? ಅದನ್ನು ತಿಳಿಸುವುದೇ ತಿಪಟೂರಿನ ಆ ಹುಡುಗಿಯ ಕೆಲಸ.

ಕಾರ್ಖಾನೆಯ ಭಾಷೆಯಲ್ಲಿ ಇದಕ್ಕೆ ‘ಕಚ್ಚಾ ಸಾಮಗ್ರಿ ಮಾಹಿತಿ ನಿರ್ವಹಣೆ’ ಎಂಬ ಭಾರೀ ಹೆಸರು. ಕಾರ್ಖಾನೆಗೆ ಬರುವ ಪ್ರತಿಯೊಂದು ಸರಕಿಗೂ ಗಣಕದ ತಂತ್ರಾಂಶದಲ್ಲಿ ಒಂದೊಂದು ಪುಟ. ಅದನ್ನು ಯಾರು ಕಳಿಸಿದರು, ಒಳಗೆ ಏನೇನು ಎಷ್ಟೆಷ್ಟಿದೆ, ತೇವಾಂಶವೆಷ್ಟು, ಎಷ್ಟು ದಿನ ಕೆಡದೆ ಉಳಿದೀತು, ಅಲರ್ಜಿ ತರುವಂಥದ್ದು ಏನಾದರೂ ಉಂಟೆ, ಪರೀಕ್ಷೆ ಮಾಡಿದ್ದು ಯಾವಾಗ ಎಂಬುದೆಲ್ಲ ಅಲ್ಲಿರುತ್ತದೆ. ಸಾಂಬಾರು ಪುಡಿಯ ಪುಟಕ್ಕೆ ಇಂಗಿನ ಪುಟ ಜೋಡಣೆಯಾಗಿರುತ್ತದೆ. ಇಂಗಿನ ಪುಟದಲ್ಲಿ ಒಂದು ಸಾಲು ಬದಲಾದರೆ ಇಂಗು ಬೀಳುವ ಎಲ್ಲ ಪುಡಿಗಳ ಪುಟದಲ್ಲೂ ಅದು ತಾನಾಗಿ ಎದ್ದು ಕಾಣುತ್ತದೆ. ಗ್ಲೂಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಶೇಂಗಾ, ಸೋಯಾ ಮುಂತಾದವು ತಿನಿಸಿನಲ್ಲಿದ್ದರೆ ಪೊಟ್ಟಣದ ಮೇಲೆ ಹೇಳಲೇಬೇಕೆಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮಗಳು ವಿಧಿಸುತ್ತವೆ.

ಕೇಳಲು ಸುಲಭ. ಕಷ್ಟವಿರುವುದು ಹೆಸರುಗಳಲ್ಲಿ. ಹುಬ್ಬಳ್ಳಿಯ ವ್ಯಾಪಾರಿಯ ಚೀಟಿಯಲ್ಲಿ ಶೇಂಗಾ, ತುಮಕೂರಿನವರ ಚೀಟಿಯಲ್ಲಿ ಕಡಲೆಕಾಯಿ ಬೀಜ, ಇಂಗ್ಲಿಷ್ ಬಿಲ್ಲಿನಲ್ಲಿ ಒಮ್ಮೆ ಗ್ರೌಂಡ್‌ನಟ್, ಇನ್ನೊಮ್ಮೆ ಪೀನಟ್. ಮನುಷ್ಯನಿಗೆ ಇವು ನಾಲ್ಕೂ ಒಂದೇ ಎಂದು ಗೊತ್ತು. ಗಣಕಕ್ಕೆ ನಾಲ್ಕು ಬೇರೆ ಬೇರೆ ಸರಕುಗಳು! ಮೂರರ ಪುಟದಲ್ಲಿ ‘ಅಲರ್ಜಿ ಉಂಟು’ ಎಂದು ಗುರುತು ಹಾಕಿ ನಾಲ್ಕನೆಯದರಲ್ಲಿ ಮರೆತರೆ, ಆ ನಾಲ್ಕನೆಯದರಿಂದ ಮಾಡಿದ ಚಟ್ನಿ ಪುಡಿ ಎಚ್ಚರಿಕೆಯ ಮಾತಿಲ್ಲದೆ ಅಂಗಡಿಗೆ ಹೋಗುತ್ತದೆ. ಹುಡುಗಿ ಸೇರಿದ ಮೊದಲ ಆರು ತಿಂಗಳು ಮಾಡಿದ್ದು ಇಂಥ ಅವಳಿ-ಜವಳಿಗಳನ್ನು ಹುಡುಕಿ ಒಂದುಗೂಡಿಸುವ ಕೆಲಸವನ್ನೇ.

ಒಂದು ಮಳೆಗಾಲದಲ್ಲಿ ಇಂಗಿನ ಹೊಸ ಸರಕು ಬಂತು. ಅದೇ ಪೂರೈಕೆದಾರರು, ಅದೇ ಡಬ್ಬ, ಅದೇ ವಾಸನೆ. ಬೆಲೆ ಮಾತ್ರ ಸ್ವಲ್ಪ ಇಳಿದಿತ್ತು. ಖರೀದಿ ವಿಭಾಗದವರಿಗೆ ಅದು ಸಂತೋಷದ ಸಂಗತಿಯೇ. ಜತೆಗೆ ಬಂದ ವಿವರಪತ್ರದ ತಾರೀಖು ಹೊಸದಾಗಿರುವುದನ್ನು ಕಂಡ ಹುಡುಗಿ ಅದನ್ನು ಹಳೆಯ ಪತ್ರದ ಪಕ್ಕ ಇಟ್ಟು ಸಾಲು ಸಾಲಾಗಿ ಓದಿದಳು. ‘ಅಕ್ಕಿ ಹಿಟ್ಟು’ ಇದ್ದ ಕಡೆ ‘ಗೋಧಿ ಹಿಟ್ಟು’ ಎಂದಿತ್ತು. ಪೂರೈಕೆದಾರರು ಮುಚ್ಚಿಟ್ಟಿರಲಿಲ್ಲ, ಕೂಗಿಯೂ ಹೇಳಿರಲಿಲ್ಲ. ಅವಳು ಆ ಒಂದು ಸಾಲನ್ನು ತಿದ್ದಿದ್ದೇ ತಡ, ತಂತ್ರಾಂಶ ಹನ್ನೊಂದು ಪುಡಿಗಳ ಪಟ್ಟಿಯನ್ನು ಮುಂದಿಟ್ಟಿತು. ಅವುಗಳಲ್ಲಿ ಎರಡಕ್ಕೆ ‘ಗ್ಲೂಟೆನ್ ರಹಿತ’ ಎಂದು ಅಚ್ಚಾದ ಪೊಟ್ಟಣಗಳು ಆಗಲೇ ಉಗ್ರಾಣದಲ್ಲಿದ್ದವು.

“ಒಂದು ಚಿಟಿಕೆ ಇಂಗಿಗೆ ಇಷ್ಟು ರಾದ್ಧಾಂತ ಏನಮ್ಮಾ?” ಎಂದರು ವ್ಯವಸ್ಥಾಪಕರು. ಅವಳು ಒಂದು ಕಾಗದದ ಹಿಂಬದಿಯಲ್ಲಿ ಲೆಕ್ಕ ಬರೆದು ತೋರಿಸಿದಳು. ಲೆಕ್ಕ ಎಂಟನೆಯ ತರಗತಿಯ ಮಕ್ಕಳೂ ಮಾಡಬಲ್ಲದ್ದು. ನೂರು ಕಿಲೋ ಪುಡಿಗೆ ಒಂದು ಕಿಲೋ ಇಂಗು. ಇಂಗಿನಲ್ಲಿ ಅರ್ಧ ಹಿಟ್ಟು ಎಂದಿಟ್ಟುಕೊಂಡರೆ ಒಂದು ಕಿಲೋ ಪುಡಿಯಲ್ಲಿ 5 ಗ್ರಾಂ ಗೋಧಿ ಹಿಟ್ಟು. ಗೋಧಿ ಹಿಟ್ಟಿನಲ್ಲಿ ಗ್ಲೂಟೆನ್ ಹತ್ತರಲ್ಲೊಂದು ಪಾಲು ಎಂದು ಹಿಡಿದರೂ ಅರ್ಧ ಗ್ರಾಂ, ಅಂದರೆ 500 ಮಿಲಿಗ್ರಾಂ. ‘ಗ್ಲೂಟೆನ್ ರಹಿತ’ ಎನ್ನಲು ಕಾನೂನಿನ ಮಿತಿ ಕಿಲೋಗೆ 20 ಮಿಲಿಗ್ರಾಂ. ಇಪ್ಪತ್ತೈದು ಪಟ್ಟು! ವ್ಯವಸ್ಥಾಪಕರು ಕಾಗದವನ್ನು ಎರಡು ಸಲ ನೋಡಿ ಇಂಗನ್ನು ಬೇರೆ ಇಡಿಸಿದರು. ಹಳೆಯ ಹದದ ಇಂಗು ಬರುವ ತನಕ ಲಾರಿ ಮೂರು ದಿನ ಕಾಯಬೇಕಾಯಿತು. ಅವಳಿಗೆ ಯಾರೂ ಶಹಬ್ಬಾಸ್ ಎನ್ನಲಿಲ್ಲ. ಲಾರಿ ನಿಲ್ಲಿಸಿದವರಿಗೆ ಯಾವ ಕಾರ್ಖಾನೆಯಲ್ಲೂ ಶಹಬ್ಬಾಸ್ ಸಿಕ್ಕುವುದಿಲ್ಲವೆನ್ನಿ.

ಒಂದರೊಳಗೊಂದು ಅಡಗಿರುವ ಈ ಸಾಮಗ್ರಿಗಳು ಎಷ್ಟು ದೂರ ಹೋದಾವು ಎಂಬುದಕ್ಕೆ 2005ರ ಫೆಬ್ರವರಿಯಲ್ಲಿ ಬ್ರಿಟನ್ನಿನಲ್ಲಿ ನಡೆದದ್ದೇ ಸಾಕ್ಷಿ. ಭಾರತದಿಂದ ಹೋಗಿದ್ದ ಮೆಣಸಿನ ಪುಡಿಯಲ್ಲಿ ಸೂಡಾನ್-1 ಎಂಬ ಕೆಂಪು ಬಣ್ಣ ಬೆರೆತಿತ್ತು. ಮೇಣಕ್ಕೆ, ಬೂಟಿನ ಪಾಲಿಶಿಗೆ ಹಾಕುವ ಬಣ್ಣ ಅದು. ಕ್ಯಾನ್ಸರ್ ತರಬಹುದೆಂಬ ಶಂಕೆಯಿಂದ ಆಹಾರದಲ್ಲಿ ನಿಷಿದ್ಧ. ಆ ಪುಡಿ ಸೇರಿದ್ದು ವೂಸ್ಟರ್ ಸಾಸ್ ಎಂಬ ಒಂದು ವ್ಯಂಜನಕ್ಕೆ. ಆದರೆ ಆ ಸಾಸು ತಾನೇ ಬೇರೆ ಕಾರ್ಖಾನೆಗಳಿಗೆ ಕಚ್ಚಾ ಸಾಮಗ್ರಿ! ಸೂಪಿಗೆ, ಪಿಜ್ಜಾಕ್ಕೆ, ಸಿದ್ಧ ಊಟದ ಡಬ್ಬಗಳಿಗೆ ಅದು ಹೋಗಿತ್ತು. ಕೊನೆಗೆ ನಾನೂರಕ್ಕೂ ಹೆಚ್ಚು ಬಗೆಯ ತಿನಿಸುಗಳನ್ನು ಅಂಗಡಿಗಳಿಂದ ಹಿಂದಕ್ಕೆ ತರಿಸಬೇಕಾಯಿತು. ಪ್ರತಿಯೊಬ್ಬ ತಯಾರಕನೂ ಸರಕು ಯಾರಿಂದ ಬಂತು, ಯಾರಿಗೆ ಹೋಯಿತು ಎಂಬ ದಾಖಲೆ ಇಡಲೇಬೇಕೆಂಬ ಐರೋಪ್ಯ ನಿಯಮ ಜಾರಿಗೆ ಬಂದದ್ದು ಅದೇ ವರ್ಷದ ಜನವರಿ 1ರಂದು.

ಮೆಣಸಿನ ಪುಡಿಗೆ ಬಣ್ಣ ಬೆರೆಸುವ ಆಸೆ ಯಾಕೆ ಹುಟ್ಟುತ್ತದೆ ಎಂಬುದು ಹಾವೇರಿ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಖಾರದಿಂದಲ್ಲ, ಕೆಂಪಿನಿಂದ. ಆ ಕೆಂಪನ್ನು ಉಪಕರಣದಲ್ಲಿ ಅಳೆದು ಅಂಕಿಯಲ್ಲಿ ಹೇಳುತ್ತಾರೆ. ಅದರಿಂದ ತೆಗೆದ ಬಣ್ಣದ ಎಣ್ಣೆ ತಿನಿಸಿಗೂ ಹೋಗುತ್ತದೆ, ತುಟಿಯ ಬಣ್ಣಕ್ಕೂ ಹೋಗುತ್ತದೆ. ಅಂದಮೇಲೆ ‘ಕೆಂಪು ಇಷ್ಟು’ ಎಂಬ ಒಂದೇ ಅಂಕಿಯನ್ನು ಬರೆದಿಟ್ಟರೆ ಸಾಲದು, ಆ ಕೆಂಪು ಕಾಯಿಯದೋ ಡಬ್ಬಿಯದೋ ಎಂಬುದಕ್ಕೂ ಪುಟದಲ್ಲಿ ಜಾಗವಿರಬೇಕು.

ಸೋಪು, ಕ್ರೀಮು ತಯಾರಿಸುವಲ್ಲಿಯೂ ಇದೇ ಕತೆ. ಲೆಕ್ಕ ಇನ್ನೂ ಸೂಕ್ಷ್ಮ. ನಿಂಬೆ ಸಿಪ್ಪೆಯ ಎಣ್ಣೆಯಲ್ಲಿ ಲಿಮೊನೀನ್ ಎಂಬ ವಸ್ತುವೇ ಬಹುಪಾಲು. ಕೆಲವರ ಚರ್ಮಕ್ಕೆ ಅದು ಆಗದು. ಯುರೋಪಿಗೆ ಹೋಗುವ ಸರಕಾದರೆ, ತೊಳೆದುಕೊಳ್ಳುವ ಸೋಪಿನಲ್ಲಿ ಅದು ಕಿಲೋಗೆ 100 ಮಿಲಿಗ್ರಾಂ ದಾಟಿದರೆ, ಹಚ್ಚಿ ಬಿಡುವ ಕ್ರೀಮಿನಲ್ಲಿ 10 ಮಿಲಿಗ್ರಾಂ ದಾಟಿದರೆ, ಹೆಸರು ಅಚ್ಚಾಗಬೇಕು. 2005ರಲ್ಲಿ ಇಂಥ ಸುಗಂಧ ವಸ್ತುಗಳು 26 ಇದ್ದವು. 2023ರ ತಿದ್ದುಪಡಿಯಲ್ಲಿ ಪಟ್ಟಿ 80 ದಾಟಿದೆ. ಇಷ್ಟನ್ನು ಕೈಯಲ್ಲಿ ಲೆಕ್ಕ ಹಾಕುವುದು ಆಗದ ಮಾತು, ತಂತ್ರಾಂಶವೇ ಬೇಕು.

ಹೆಸರುಗಳ ಗೊಂದಲಕ್ಕೆ ರಸಾಯನಶಾಸ್ತ್ರಜ್ಞರು ಕಂಡುಕೊಂಡ ಒಂದು ಉಪಾಯವಿದೆ. ಅಮೆರಿಕದ ಕೆಮಿಕಲ್ ಆಬ್‌ಸ್ಟ್ರಾಕ್ಟ್ಸ್ ಸರ್ವಿಸ್ ಎಂಬ ಸಂಸ್ಥೆ 1965ರಿಂದ ಪ್ರತಿ ವಸ್ತುವಿಗೂ ಒಂದು ಸಂಖ್ಯೆ ಕೊಡುತ್ತ ಬಂದಿದೆ. ಕೇಕನ್ನು ಮೆತ್ತಗಿಡುವ, ಕ್ರೀಮಿಗೂ ಟೂತ್‌ಪೇಸ್ಟಿಗೂ ಬೀಳುವ ಗ್ಲಿಸರಿನ್ನಿನದು 56-81-5. ಕೊನೆಯ 5 ಕಾವಲುಗಾರ. ಅದನ್ನು ಬಿಟ್ಟು ಬಲದಿಂದ ಎಡಕ್ಕೆ ಅಂಕಿಗಳನ್ನು 1, 2, 3, 4ರಿಂದ ಗುಣಿಸಿ ಕೂಡಿ: 1×1, 8×2, 6×3, 5×4. ಮೊತ್ತ 55. ಕೊನೆಯ ಅಂಕಿ 5, ಸರಿಯಾಯಿತು. ಟೈಪು ಮಾಡುವವರು 56ರ ಬದಲು 65 ಎಂದು ಒತ್ತಿದರೆ ಮೊತ್ತ 56 ಆಗಿ ಗಣಕ ತಕ್ಷಣ ತಡೆಯುತ್ತದೆ. ನೀರಿನ ಸಂಖ್ಯೆ 7732-18-5. ಮಕ್ಕಳು ಇದನ್ನೂ ಗುಣಿಸಿ ನೋಡಬಹುದು.

ಸೊಗಸಾದ ಉಪಾಯ. ಆದರೆ ಈ ಕಾವಲುಗಾರ ಕಾಯುವುದು ಸಂಖ್ಯೆಯನ್ನು, ಪೀಪಾಯಿಯನ್ನಲ್ಲ. ಗ್ಲಿಸರಿನ್ನಿನಂತೆಯೇ ತಿಳಿಯಾಗಿ, ಮಂದವಾಗಿ, ಸಿಹಿಯಾಗಿರುವ ಇನ್ನೊಂದು ದ್ರವವುಂಟು: ಡೈಎಥಿಲೀನ್ ಗ್ಲೈಕಾಲ್. ಬೆಲೆ ಕಡಿಮೆ. ಹೊಟ್ಟೆಗೆ ಹೋದರೆ ಮೂತ್ರಪಿಂಡ ಕೆಡುತ್ತದೆ. 1937ರಲ್ಲಿ ಅಮೆರಿಕದಲ್ಲಿ ಇದನ್ನು ಬಳಸಿದ ಒಂದು ಔಷಧಿಯಿಂದ ನೂರಕ್ಕೂ ಹೆಚ್ಚು ಮಂದಿ ಸತ್ತರು. 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ 14 ಜನ ಪ್ರಾಣ ಕಳೆದುಕೊಂಡದ್ದು ಗ್ಲಿಸರಿನ್ನಿನಲ್ಲಿ ಇದು ಬೆರೆತಿದ್ದರಿಂದ. 2006ರಲ್ಲಿ ಪನಾಮಾ ದೇಶದ ಸರದಿ. ಚೀನಾದಿಂದ ಹೊರಟ ಪೀಪಾಯಿಗಳು ಸ್ಪೇನ್ ದಾಟಿ ಪನಾಮಾ ಸೇರಿ ಕೆಮ್ಮಿನ ಔಷಧಿಯಾದವು. ಜತೆಗಿದ್ದ ಪತ್ರದಲ್ಲಿ ‘ಗ್ಲಿಸರಿನ್, ಶುದ್ಧತೆ 99.5 ಪ್ರತಿಶತ’ ಎಂದೇ ಇತ್ತು. ಕೈ ಬದಲಾದಾಗಲೆಲ್ಲ ಪತ್ರ ಹೊಸದಾಯಿತು, ಮೊದಲು ತಯಾರಿಸಿದವರ ಹೆಸರು ಅಳಿಯಿತು. ನಡುವಿನ ವ್ಯಾಪಾರಿಗಳು ಯಾರೂ ಪೀಪಾಯಿಯ ಮುಚ್ಚಳ ತೆಗೆದು ಪರೀಕ್ಷಿಸಲಿಲ್ಲ. ಸತ್ತವರು ನೂರಕ್ಕೆ ಕಡಿಮೆಯಿಲ್ಲ. ಇಂಥ ಪತ್ರವನ್ನು ಯಾವ ತಂತ್ರಾಂಶಕ್ಕೆ ಕೊಟ್ಟಿದ್ದರೂ ಅದು ತಲೆಯಾಡಿಸಿ ಒಪ್ಪಿಕೊಳ್ಳುತ್ತಿತ್ತು.

ಶುದ್ಧ ಗ್ಲಿಸರಿನ್ 100 ಮಿಲಿಲೀಟರ್ ತೂಗಿದರೆ 126 ಗ್ರಾಂ, ಡೈಎಥಿಲೀನ್ ಗ್ಲೈಕಾಲ್ ಆದರೆ 112 ಗ್ರಾಂ. ಶಾಲೆಯ ಅಳತೆ ಜಾಡಿ, ತಕ್ಕಡಿ ಸಾಕು ಎನ್ನಿಸುತ್ತದೆ. ಆದರೆ ಎರಡನ್ನೂ ಬೆರೆಸಿ, ಮೇಲೆ ಇನ್ನೇನನ್ನೋ ಸೇರಿಸಿದರೆ ತೂಕವೂ ಮೋಸ ಮಾಡುತ್ತದೆ. ಅನಿಲ ವರ್ಣರೇಖನದಂಥ ಪರೀಕ್ಷೆಯೇ ಬೇಕು, ಅದೂ ಪ್ರತಿ ಪೀಪಾಯಿಗೆ. ಆದ್ದರಿಂದಲೇ ಒಳ್ಳೆಯ ಕಾರ್ಖಾನೆಗಳ ತಂತ್ರಾಂಶದಲ್ಲಿ ‘ಪೂರೈಕೆದಾರರು ಹೇಳಿದ್ದು’ ಎಂಬುದಕ್ಕೆ ಒಂದು ಕಟ್ಟ, ‘ನಾವು ಅಳೆದದ್ದು’ ಎಂಬುದಕ್ಕೆ ಬೇರೆಯೇ ಒಂದು ಕಟ್ಟ ಇರುತ್ತದೆ. ಮೊದಲನೆಯದರಿಂದ ಎರಡನೆಯದಕ್ಕೆ ನಕಲು ಹೊಡೆಯುವ ಚಪಲವನ್ನು ಯಾವ ಯಂತ್ರವೂ ತಡೆಯಲಾರದು.

ಪನಾಮಾದಲ್ಲಿ ಮರುವರ್ಷ ನಡೆದದ್ದು ಇದಕ್ಕೆ ತಿರುವುಮುರುವು. 2007ರ ಮೇ ತಿಂಗಳಲ್ಲಿ ಎಡ್ವಾರ್ಡೊ ಅರಿಯಾಸ್ ಎಂಬವರು ಪನಾಮಾ ನಗರದ ಒಂದು ಅಗ್ಗದ ಅಂಗಡಿಯಲ್ಲಿ ಟೂತ್‌ಪೇಸ್ಟಿನ ಟ್ಯೂಬನ್ನು ಕೈಗೆತ್ತಿಕೊಂಡು ಹಿಂದಿನ ಸಣ್ಣಕ್ಷರಗಳನ್ನು ಓದಿದರು. ‘ಡೈಎಥಿಲೀನ್ ಗ್ಲೈಕಾಲ್’ ಎಂದು ಅಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು. ಈ ಸಲ ಲೇಬಲ್ ಸುಳ್ಳು ಹೇಳಿರಲಿಲ್ಲ. ಅರಿಯಾಸ್ ವಿಜ್ಞಾನಿಯೂ ಅಲ್ಲ, ವೈದ್ಯರೂ ಅಲ್ಲ. ಹಿಂದಿನ ವರ್ಷದ ಸಾವುಗಳ ಸುದ್ದಿಯಲ್ಲಿ ಕಂಡ ಆ ಹೆಸರು ನೆನಪಿನಲ್ಲಿತ್ತು, ಅಷ್ಟೇ. ಟ್ಯೂಬನ್ನು ಕೊಂಡು ಆರೋಗ್ಯಾಧಿಕಾರಿಗಳಿಗೆ ಒಯ್ದುಕೊಟ್ಟರು. ಆ ಬಗೆಯ ಪೇಸ್ಟು ಮೂವತ್ತಕ್ಕೂ ಹೆಚ್ಚು ದೇಶಗಳಲ್ಲಿ ಪತ್ತೆಯಾಯಿತು. ಜುಲೈ ತಿಂಗಳಲ್ಲಿ ಚೀನಾ ಸರಕಾರವೇ ಟೂತ್‌ಪೇಸ್ಟಿನಲ್ಲಿ ಆ ದ್ರವದ ಬಳಕೆಯನ್ನು ನಿಷೇಧಿಸಿತು.