ಕಪಿಲೆ-ಕಾವೇರಿಯ ನಡುವೆ ದೊಡ್ಡ ಸ್ವಾಮಿ

ಮೈಸೂರಿನಿಂದ ದಕ್ಷಿಣಕ್ಕೆ ಹೊರಟರೆ ಇಪ್ಪತ್ತೈದು ಕಿಲೋಮೀಟರಿನ ಒಳಗೇ ನಂಜನಗೂಡು. ಊರು ಹೊಗುವ ಮುನ್ನ ಕಪಿಲೆಗೆ ಅಡ್ಡಲಾಗಿ 1735ರ ಹಳೆಯ ಸೇತುವೆ ಕಾಣುತ್ತದೆ. ಕಾಯಿಲೆ ಕಸಾಲೆ ಹೊತ್ತು ಬಂದವರು ಹೊಳೆಯಲ್ಲಿ ಮಿಂದು, ಶ್ರೀಕಂಠೇಶ್ವರನಿಗೆ ಉರುಳುಸೇವೆ ಸಲ್ಲಿಸಿ, ನೆರಳು ಸಿಕ್ಕಲ್ಲಿ ಟವೆಲು ಹಾಸಿ ಮಲಗುತ್ತಾರೆ. ಟಿಪ್ಪು ಸುಲ್ತಾನ ಈ ದೇವರನ್ನು ‘ಹಕೀಂ ನಂಜುಂಡ’ ಎಂದು ಕರೆದನೆಂಬ ಪ್ರತೀತಿ ಇಲ್ಲಿನ ಮಕ್ಕಳಿಗೂ ಗೊತ್ತು.

1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಗೆ ಫ್ರಾನ್ಸಿನ ಪಾದ್ರಿಯೊಬ್ಬರು ಬಂದರು. ಹೆಸರು ಅಬ್ಬೆ ದುಬಾಯ್. ಇತಿಹಾಸದ ವಿದ್ಯಾರ್ಥಿಗಳಿಗೆ ಇವರು 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ, ಹಿಂದೂಗಳ ಆಚಾರ ವಿಚಾರ ಕುರಿತ ದೊಡ್ಡ ಗ್ರಂಥದ ಕರ್ತೃ. ಪರೀಕ್ಷೆಗೆ ಅಷ್ಟು ಸಾಕು. ಆ ಗ್ರಂಥದ ತೀರ್ಪುಗಳು ಎಷ್ಟೋ ಕಡೆ ಕಟು, ಕೆಲವೆಡೆ ಅನ್ಯಾಯದವು. ಆದರೆ ಈ ಸೀಮೆಯ ಜನ ಅವರನ್ನು ಕರೆದದ್ದು ‘ದೊಡ್ಡ ಸ್ವಾಮಿಯವರು’ ಎಂದು. ಅವರು ಉಟ್ಟದ್ದು ನಮ್ಮವರ ಉಡುಗೆ, ಉಂಡದ್ದು ನಮ್ಮವರ ಊಟ.

ಅವರ ದುಡಿಮೆ ಎಂಥದ್ದೆಂದು ತಿಳಿಯಲು ಸಿಡುಬನ್ನು ನೆನೆಯಬೇಕು. ಲಸಿಕೆ ಮುಂಬಯಿಗೆ ಬಂದದ್ದು 1802ರಲ್ಲಿ. ಆಗ ಫ್ರಿಜ್ಜೂ ಇಲ್ಲ, ಸೀಸೆಯಲ್ಲಿ ಉಳಿಯುವ ಮದ್ದೂ ಇಲ್ಲ. ಒಂದು ಮಗುವಿನ ತೋಳಿಗೆ ದಾಕು ಹಾಕಿ, ಸುಮಾರು ಎಂಟನೆಯ ದಿನ ಅಲ್ಲೆದ್ದ ಗುಳ್ಳೆಯ ರಸ ತೆಗೆದು ಮುಂದಿನ ಮಗುವಿಗೆ ಹಾಕಬೇಕು. ಒಂದು ವಾರ ತಪ್ಪಿದರೆ ಸರಪಳಿಯೇ ಕಡಿದುಹೋಗುತ್ತದೆ. ಸಿಡುಬೆಂದರೆ ಅಮ್ಮನ ಮುನಿಸು ಎಂದು ನಂಬಿದ ತಾಯಂದಿರನ್ನು ಒಪ್ಪಿಸುವ ಕೆಲಸ ಬೇರೆ. 1803-04ರಲ್ಲಿ ದುಬಾಯ್ ಅವರ ಮೇಲ್ವಿಚಾರಣೆಯಲ್ಲಿ 25 ಸಾವಿರಕ್ಕೂ ಹೆಚ್ಚು ಜನಕ್ಕೆ ದಾಕು ಹಾಕಲಾಯಿತು. ಇದರ ಜೊತೆಗೆ ಯುದ್ಧದಲ್ಲಿ ಚದುರಿದ್ದ ಕ್ರೈಸ್ತರನ್ನು ಕೂಡಿಸಬೇಕಿತ್ತು, ಹಾಸನದ ಸಾತಳ್ಳಿಯಲ್ಲಿ ಬಡವರಿಗೆ ಬೇಸಾಯದ ನೆಲೆ ಮಾಡಿಕೊಡಬೇಕಿತ್ತು.

ಇಷ್ಟಾದರೂ ತಮ್ಮ ಮುಖ್ಯ ಕೆಲಸ ಕೈಗೂಡಲಿಲ್ಲವೆಂದೇ ಅವರು ಬರೆದರು. ಇಪ್ಪತ್ತೈದು ವರ್ಷಗಳಲ್ಲಿ ಕ್ರೈಸ್ತ ಮತಕ್ಕೆ ಬಂದವರು ಇನ್ನೂರು ಮುನ್ನೂರು ಮಂದಿ ಮಾತ್ರವೆಂದು 1823ರಲ್ಲಿ ಅಚ್ಚಾದ ಪತ್ರಗಳಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಓದಿ ಓದಿಯೂ ಅಂಕ ಬಾರದ ಹುಡುಗನಿಗೆ ಈ ದಣಿವು ಅರ್ಥವಾದೀತು. ಮೈ ದಣಿದರೆ ಒಂದು ರಾತ್ರಿಯ ನಿದ್ದೆ ಸಾಕು. ಫಲ ಕಾಣದ ದುಡಿಮೆಯ ದಣಿವು ನಿದ್ದೆಗೆ ಹೋಗುವುದಿಲ್ಲ.

ಹಾಗಾದರೆ ಇಂಥವರನ್ನು ಹಿಡಿದು ನಿಲ್ಲಿಸಿದ್ದು ಏನು? ಕ್ಯಾಥೊಲಿಕ್ ಪಾದ್ರಿಗೆ ಹೊತ್ತು ಹೊತ್ತಿನ ಪ್ರಾರ್ಥನೆಯ ಕಟ್ಟಳೆಯಿದೆ. ಕೆಲಸ ಮುಗಿದಿರಲಿ, ಬಿಡಲಿ, ವೇಳೆ ಬಂದಾಗ ಅದನ್ನು ದೇವರ ಕೈಗೊಪ್ಪಿಸಿ ಕುಳಿತುಕೊಳ್ಳಬೇಕು. ಫಲ ತನ್ನದಲ್ಲ ಎಂಬ ಪಾಠ ದಿನಕ್ಕೆ ಹಲವು ಸಲ.

ನಂಜನಗೂಡಿನಿಂದ ಕಪಿಲೆ ಸುತ್ತೂರನ್ನು ಹಾದು ಟಿ. ನರಸೀಪುರಕ್ಕೆ ಹರಿಯುತ್ತದೆ. ಗುಂಜಾ ನರಸಿಂಹನ ಈ ಊರಲ್ಲಿ ಅದು ಕಾವೇರಿಯನ್ನು ಕೂಡುತ್ತದೆ. 1989ರಿಂದ ಇಲ್ಲಿ ಕುಂಭಮೇಳವೂ ನಡೆದುಬಂದಿದೆ. ಆ ಕಾವೇರಿ ಬರುವುದು ಶ್ರೀರಂಗಪಟ್ಟಣದ ಕಡೆಯಿಂದ. ಅಲ್ಲಿನ ಗಂಜಾಂನಲ್ಲಿ ದುಬಾಯ್ ಹೆಸರಿನ ಚರ್ಚು ಇಂದಿಗೂ ಇದೆ.

ಸುತ್ತ ಭತ್ತದ ಗದ್ದೆಗಳು. ಟ್ರ್ಯಾಕ್ಟರು ಬರುವ ಮೊದಲು ಇಲ್ಲಿ ಉಳುತ್ತಿದ್ದುದು ಜೋಡೆತ್ತು. ದಣಿದವರನ್ನು ಹತ್ತಿರ ಕರೆದ ಯೇಸು ಅವರಿಗೆ ಹಾಸಿಗೆ ಹಾಸಿಕೊಡುವ ಮಾತಾಡಲಿಲ್ಲ, ತನ್ನ ನೊಗಕ್ಕೆ ಹೆಗಲು ಕೊಡಿ ಎಂದ. ಪೇಟೆಯ ಓದುಗರಿಗೆ ಇದು ವಿಚಿತ್ರವೆನಿಸಬಹುದು. ನೊಗಕ್ಕೆ ಎರಡು ಹೆಗಲೆಂದು ಕಂಡ ನರಸೀಪುರದ ರೈತನಿಗೆ ಬಿಡಿಸಿ ಹೇಳಬೇಕಾಗಿಲ್ಲ.

ದುಬಾಯ್ 1823ರಲ್ಲಿ ಮದರಾಸಿನಿಂದ ಹಡಗು ಹತ್ತಿದರು. ಮತ್ತೆ ಬರಲಿಲ್ಲ. ಪ್ಯಾರಿಸ್ಸಿನಲ್ಲಿ ಹೊರದೇಶಗಳಿಗೆ ಪಾದ್ರಿಗಳನ್ನು ಸಿದ್ಧಮಾಡುವ ಸಂಸ್ಥೆಯಲ್ಲಿ ದುಡಿಯುತ್ತಲೇ 1848ರಲ್ಲಿ ತೀರಿಕೊಂಡರು. ಅದರ ಮರುವರ್ಷವೇ ನಂಜನಗೂಡಿನಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ಕಟ್ಟಿಸಿದ ಮಹಾದ್ವಾರದ ಗೋಪುರ ಎದ್ದು ನಿಂತಿತು.