ಅಂಕೋಲೆಯಲ್ಲಿ ಎರಡು ದಿನ

ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದ ನಮಗೆ ಕಡಲೆಂಬುದು ಮಹಾಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ಒಂದು, ಅಷ್ಟೆ. ಪಾಠಶಾಲೆಯಲ್ಲಿಯೂ ಮುಂದೆ ವಿಶ್ವವಿದ್ಯಾಲಯದಲ್ಲಿಯೂ ಸಮುದ್ರವರ್ಣನೆಯನ್ನು ಅಭ್ಯಸಿಸಿ, ಪರೀಕ್ಷೆಯಲ್ಲಿ ಬರೆದು, ಅಂಕಗಳನ್ನೂ ಪಡೆದಿದ್ದೆವು. ಕಡಲ ತಡಿಯಲ್ಲಿ ಎರಡು ದಿನ ತಂಗುವ ಯೋಗ ಮಾತ್ರ ಐವತ್ತು ದಾಟಿದ ಮೇಲೆಯೇ ಕೂಡಿ ಬಂದಿತು. ಕಳೆದ ಫಾಲ್ಗುಣ ಮಾಸದಲ್ಲಿ ಅಂಕೋಲೆಯ ಸದ್ಭಕ್ತರೊಬ್ಬರು, ತಮ್ಮೂರಿನ ಸಭೆಯೊಂದರಲ್ಲಿ ಕಾಯಕತತ್ತ್ವವನ್ನು ಕುರಿತು ನಾಲ್ಕು ಮಾತನಾಡಬೇಕೆಂದು ಬಿನ್ನವಿಸಿಕೊಂಡಿದ್ದರು.

ಹುಬ್ಬಳ್ಳಿಯಿಂದ ಯಲ್ಲಾಪುರದ ಮಾರ್ಗವಾಗಿ ಬಂದು ಅರಬೈಲು ಘಟ್ಟವನ್ನು ಇಳಿಯುತ್ತಿದ್ದಂತೆ ಗಾಳಿಯೇ ಬೇರೆಯಾಯಿತು. ಮೈಗೆ ಬೆವರು, ಕಣ್ಣಿಗೆ ಹಸಿರು. ಅಂಕೋಲೆ ಚಿಕ್ಕ ಊರು. ತೆಂಗು ಮಾವುಗಳ ನಡುವೆ ಅಚ್ಚುಕಟ್ಟಾಗಿ ಕುಳಿತಿದೆ. ಪೇಟೆಯ ಬದಿಯಲ್ಲಿ ಕೊರಳ ತುಂಬ ಮಣಿಸರ ಧರಿಸಿದ ಹಾಲಕ್ಕಿ ಒಕ್ಕಲಿಗರ ಹೆಣ್ಣುಮಕ್ಕಳು ಸೊಪ್ಪು ತರಕಾರಿ ಮಾರುತ್ತಿದ್ದರು. ನೂರಾರು ಜನಪದ ಹಾಡುಗಳನ್ನು ನೆನಪಿನಲ್ಲಿ ಹೊತ್ತಿದ್ದ ಸುಕ್ರಿ ಬೊಮ್ಮಗೌಡ, ಗಿಡಮರಗಳನ್ನು ಮಕ್ಕಳಂತೆ ಸಾಕಿದ ತುಳಸಿ ಗೌಡ ಇದೇ ತಾಲೂಕಿನವರು, ಇದೇ ಸಮುದಾಯದವರು. ಶಾಲೆಯ ಮೆಟ್ಟಿಲು ತುಳಿಯದಿದ್ದರೂ ಇಬ್ಬರೂ ಪದ್ಮಶ್ರೀ ಗೌರವಕ್ಕೆ ಪಾತ್ರರಾದರು. ತುಳಸಿಯವರು 2024ರಲ್ಲಿ, ಸುಕ್ರಿಯವರು 2025ರಲ್ಲಿ ನಮ್ಮನ್ನು ಅಗಲಿದರು.

ಸಂಜೆಯ ಸಭೆಗೆ ಮುನ್ನ ಊರಿನ ಹಿರಿಯರೊಬ್ಬರು ಉಪ್ಪಿನ ಸತ್ಯಾಗ್ರಹದ ವೃತ್ತಾಂತವನ್ನು ನಿರೂಪಿಸಿದರು. 1930ರ ಏಪ್ರಿಲ್ 6ರಂದು ಗಾಂಧೀಜಿ ದಂಡಿಯಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದರಷ್ಟೆ. ಒಂದೇ ವಾರಕ್ಕೆ, 13ರಂದು, ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯವರೂ ಅದನ್ನು ಮುರಿದರು. ಅನಂತರ ಭೂಕಂದಾಯವನ್ನು ನಿರಾಕರಿಸಿದ ಈ ಸೀಮೆಯ ಒಕ್ಕಲು ಮಕ್ಕಳು ಹೊಲಗದ್ದೆಗಳನ್ನೇ ಕಳೆದುಕೊಂಡರು. ಕೇಳುತ್ತ ನಮ್ಮ ಮನಸ್ಸು ಆರ್ದ್ರವಾಯಿತು.

ಸಭೆಯಲ್ಲಿ ನಮ್ಮ ಮಾತು ಸರಾಗವಾಗಿ ಹರಿಯಿತು. ನುಲಿಯ ಚಂದಯ್ಯನವರ ಹಗ್ಗವನ್ನು ಹೇಳಿದೆವು. ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಪತಿಯನ್ನು, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರಲು ಹಿಂದಕ್ಕೆ ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನವರನ್ನು ಹೇಳಿದೆವು. ಜನ ತಲೆದೂಗಿದರು. ನಮಗೂ ತೃಪ್ತಿಯಾಯಿತು.

ಮರುದಿನ ಪೂಜೆ ಪ್ರಸಾದಗಳನ್ನು ಮುಗಿಸಿ, ಗಂಗಾವಳಿ ನದಿಯನ್ನು ದಾಟಿ, ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನಾಗರಗಳನ್ನು ನೋಡಲು ಹೋದೆವು. ಅಘನಾಶಿನಿಯ ಅಳಿವೆಯಿಂದ ಉಬ್ಬರದ ವೇಳೆ ಉಪ್ಪುನೀರನ್ನು ಒಳಕ್ಕೆ ಬಿಟ್ಟುಕೊಳ್ಳುತ್ತಾರೆ. ಅದು ಒಂದು ಗದ್ದೆಯಿಂದ ಇನ್ನೊಂದಕ್ಕೆ ಸಾಗುತ್ತ, ಬಿಸಿಲಿಗೆ ಕಾದು, ಗಟ್ಟಿಯಾಗುತ್ತ ಬರುತ್ತದೆ. ಕಡೆಯ ಪುಟ್ಟ ಮಡಿಗಳಲ್ಲಿ ಹರಳುಗಟ್ಟಿದ ಉಪ್ಪನ್ನು ಉದ್ದ ಕೋಲಿನ ಹಲಗೆಯಿಂದ ಎಳೆದು ರಾಶಿ ಮಾಡುತ್ತಾರೆ. ಮಳೆ ಬಂದರೆ ಎಲ್ಲವೂ ಕರಗಿ ಹೋಗುವುದರಿಂದ, ಬಿಸಿಲು ಎಷ್ಟು ಉಗ್ರವೋ ಅಷ್ಟೂ ಅವರಿಗೆ ಹಿತ.

ಪಾದುಕೆಗಳನ್ನು ಕಳಚಿ ಬದುವಿನ ಮೇಲೆ ನಡೆದೆವು. ಹಿಮ್ಮಡಿಯ ಬಿರುಕಿಗೆ ಆ ನೀರು ತಾಗಿ ಕಣ್ಣಲ್ಲಿ ನೀರು ಬರುವಷ್ಟು ಉರಿಯಿತು. ಎದುರಿನ ಮಡಿಯಲ್ಲಿ ನಮ್ಮ ವಯಸ್ಸಿನ ತಾಯಿಯೊಬ್ಬರು ಅದೇ ನೀರಿನಲ್ಲಿ ಬರಿಗಾಲಲ್ಲಿ ನಿಂತು ಬುಟ್ಟಿ ತುಂಬುತ್ತಿದ್ದರು. ಆ ಪಾದಗಳನ್ನು ನೋಡಿದಾಗ ನಮಗೆ ನೆನಪಾದುದು ಶಾಸ್ತ್ರವಲ್ಲ. ಹಿಂದಿನ ತಿಂಗಳು ಸಾರಿಗೆ ಉಪ್ಪು ಹೆಚ್ಚಾಯಿತೆಂದು ಮಠದ ಅಡುಗೆಯವನನ್ನು ಪಂಕ್ತಿಯಲ್ಲಿ ಕುಳಿತವರೆಲ್ಲರ ಮುಂದೆ ಗದರಿದ್ದು. ಅವನು ತಲೆ ತಗ್ಗಿಸಿ, ಆ ಪಾತ್ರೆಯನ್ನು ಹೊತ್ತು ಒಳಗೆ ಹೋಗಿದ್ದ.

ಮಠಕ್ಕೆ ಒಯ್ಯಲು ಹಿಡಿ ಉಪ್ಪು ಕೇಳಿ ಅಂಗೈ ಒಡ್ಡಿದೆವು. "ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದು ಸ್ವಾಮಿ," ಎಂದು ಆ ತಾಯಿ ಅದನ್ನು ಎಲೆಯೊಂದರಲ್ಲಿ ಸುರಿದು ಬದುವಿನ ಮೇಲಿಟ್ಟರು. ನಮ್ಮ ಶಿಷ್ಯನು ನೋಟು ನೀಡಹೋದಾಗ, "ಈ ದಿನದ ಕೂಲಿ ಬಂದೇ ಬರುತ್ತದೆ. ಹಿಡಿ ಉಪ್ಪಿಗೆ ಮತ್ತೆ ದುಡ್ಡು ಯಾಕೆ?" ಎಂದು ನಕ್ಕು ತಮ್ಮ ಕೆಲಸಕ್ಕೆ ತೊಡಗಿದರು.

ಹಿಂದಿನ ಸಂಜೆ ಲಕ್ಕಮ್ಮನವರ ಕಥೆಯನ್ನು ಹೇಳಿದ ನಾಲಿಗೆಗೆ ಆಗ ಒಂದು ಮಾತೂ ಹೊಳೆಯಲಿಲ್ಲ.

ಮಠಕ್ಕೆ ಮರಳಿದ ರಾತ್ರಿ ಅಡುಗೆಮನೆಗೆ ಹೋಗಿ, ಆ ಎಲೆಯ ಪೊಟ್ಟಣವನ್ನು ಒಲೆಯ ಬಳಿ ಇಟ್ಟು, "ಅಂದು ನಿನ್ನನ್ನು ಗದರಿದ್ದು ತಪ್ಪಾಯಿತಪ್ಪಾ," ಎಂದೆವು. ಅವನು ಗಾಬರಿಯಿಂದ, "ಬುದ್ಧಿ, ಅಂಥ ಮಾತಾಡಬ್ಯಾಡ್ರಿ," ಎಂದು ಕಾಲು ಹಿಡಿಯಲು ಬಂದ. ಅವನನ್ನು ತಡೆದು ಕೂಡಿಸಿ, ಕಡಲಿನ ಸುದ್ದಿಯನ್ನು ಹೇಳತೊಡಗಿದೆವು. ಕಾವ್ಯದಲ್ಲಿ ಓದಿದ್ದಾವುದೂ ಆ ಮಾತಿನಲ್ಲಿ ಬರಲಿಲ್ಲ.