ಆ ಇಬ್ಬರು ಹುಡುಗಿಯರು

ಸೀರೆ ಕೊಳ್ಳುವಾಗ ನಾವು ಹೆಂಗಸರು ಯಾರ ಮಾತನ್ನೂ ನಂಬುವುದಿಲ್ಲ. ಅಂಗಡಿಯವನು ಸೆರಗು ಹರಡಿಕೊಂಡು ಎಷ್ಟೇ ಹೊಗಳಲಿ, ಒಳಮಗ್ಗುಲು ತಿರುಗಿಸಿ ನೋಡುತ್ತೇವೆ, ಅಂಚಿನ ಎಳೆ ಜಗ್ಗುತ್ತೇವೆ, ಬಾಗಿಲ ಬೆಳಕಿಗೆ ಹಿಡಿಯುತ್ತೇವೆ. ಅಕ್ಕಿ ತರುವಾಗ ಅಂಗೈಯಲ್ಲಿ ಉಜ್ಜಿ ಎರಡು ಕಾಳು ಬಾಯಿಗೆ ಹಾಕಿಕೊಳ್ಳದೆ ಚೀಲ ಕಟ್ಟಿಸುವುದಿಲ್ಲ. ಆದರೆ ಪುಸ್ತಕದ ವಿಷಯಕ್ಕೆ ಬಂದರೆ? ಅಚ್ಚಾಗಿದೆ ಅಂದಮೇಲೆ ನಿಜವೇ ಇರಬೇಕು ಅಂತ ಕಣ್ಣಿಗೊತ್ತಿಕೊಂಡುಬಿಡುತ್ತೇವೆ. 29 ವರ್ಷ ಕಾಲೇಜಿನಲ್ಲಿ ವಾಣಿಜ್ಯ ಪಾಠ ಹೇಳಿದ ನಾನೂ ಹಾಗೇ ಇದ್ದೆ ಎಂದರೆ ನೀವು ನಗಬಹುದು. ನಗಿ. ನಾನೂ ಈಗ ನಗುತ್ತೇನೆ, ಆದರೆ ಪೂರ್ತಿ ಮನಸ್ಸಿನಿಂದಲ್ಲ.

ಕಳೆದ ಸಂಕ್ರಾಂತಿಗೆ ತವರಿಗೆ, ಬೆಳಕವಾಡಿಗೆ ಹೋಗಿದ್ದೆ. ಮಳವಳ್ಳಿಯಲ್ಲಿ ಬಸ್ಸು ಬದಲಿಸಿ ಊರು ಸೇರುವ ಹೊತ್ತಿಗೆ ದೀಪ ಹಚ್ಚುವ ಸಮಯ. ಕೈಕಾಲು ತೊಳೆದು ಕಾಫಿ ಲೋಟ ಹಿಡಿದಿದ್ದೆ ಅಷ್ಟೆ, ತಮ್ಮನ ಮಗಳು ಎರಡು ಪುಸ್ತಕ ತಂದು ನನ್ನ ಮಡಿಲಲ್ಲಿ ಇಟ್ಟಳು. ಬಿ.ಕಾಂ. ಓದುತ್ತಿದ್ದಾಳೆ.

"ಅತ್ತೆ, ಇವೆರಡರಲ್ಲಿ ಯಾವ್ದು ಒಳ್ಳೇದು ಹೇಳಿ. ಮೈಸೂರಲ್ಲಿ ಅಂಗಡಿಯೋರು ಹೆಸರು ಬರೀದೆ ಇದ್ರೆ ಸೋಮವಾರದೊಳಗೆ ಒಂದನ್ನ ವಾಪಸ್ ತಗೋತೀನಿ ಅಂದವ್ರೆ."

ಆರ್ಗನೈಸೇಷನಲ್ ಬಿಹೇವಿಯರ್, ಅಂದರೆ ಸಾಂಸ್ಥಿಕ ವರ್ತನೆ. ನಾಲ್ಕು ಜನ ಒಂದು ಕಡೆ ಸೇರಿ ಕೆಲಸ ಮಾಡುವಾಗ ಹೇಗೆ ನಡೆದುಕೊಳ್ಳುತ್ತಾರೆ, ಯಾಕೆ ದುಡಿಯುತ್ತಾರೆ, ಯಾಕೆ ಮುನಿಯುತ್ತಾರೆ ಎಂಬುದರ ಶಾಸ್ತ್ರ. ಒಂದು ಪುಸ್ತಕ ದಪ್ಪನೆಯದು, ಹೊರದೇಶದವರು ಬರೆದು ನಮ್ಮ ದೇಶಕ್ಕೆಂದು ಅಗ್ಗವಾಗಿ ಅಚ್ಚು ಮಾಡಿದ್ದು. ಅಗ್ಗ ಅಂದರೂ ಅವಳಪ್ಪನ ಒಂದು ವಾರದ ಹಾಲಿನ ಬಟವಾಡೆ ಅದಕ್ಕೇ ಹೋಗಿತ್ತು. ಇನ್ನೊಂದು ತೆಳ್ಳನೆಯ ಗೈಡು. ಪ್ರತಿ ಅಧ್ಯಾಯದ ಕೊನೆಯಲ್ಲಿ ಹಳೇ ಪ್ರಶ್ನೆಪತ್ರಿಕೆ, ಎರಡು ಅಂಕ, ಐದು ಅಂಕ, ಹದಿನೈದು ಅಂಕ ಅಂತ ಅಚ್ಚುಕಟ್ಟಾಗಿ ಪಾಲು ಮಾಡಿಟ್ಟಿದ್ದರು.

ಕೆಲಸದಲ್ಲಿದ್ದಾಗ ನಾವು ಪುಸ್ತಕ ಆರಿಸುತ್ತಿದ್ದ ರೀತಿ ನೆನಪಾಯಿತು. ಜೂನ್ ತಿಂಗಳಲ್ಲಿ ಪ್ರಕಾಶಕರ ಕಡೆಯವರು ಚೀಲ ಹೊತ್ತು ಬರುತ್ತಿದ್ದರು. ಮಾದರಿ ಪ್ರತಿ ಒಂದು ಪುಕ್ಕಟೆ, ಜೊತೆಗೊಂದು ಡೈರಿ. ಸಿಲಬಸ್ಸಿನ ಕ್ರಮದಲ್ಲೇ ಅಧ್ಯಾಯಗಳಿದ್ದರೆ ಮುಗಿಯಿತು, ಬೋರ್ಡಿನ ಮೇಲೆ ಆ ಹೆಸರು. ನಾನು ಹಾಗೆ ಬರೆದ ಹೆಸರಿಗೆ ವರ್ಷಕ್ಕೆ 60 ಮನೆಗಳಲ್ಲಿ ದುಡ್ಡು ಹೊಂದಿಸುತ್ತಾರೆ ಎಂಬ ಯೋಚನೆ ಬಂದಿದ್ದರೂ ಬಂದಷ್ಟೇ ಬೇಗ ಹೋಗುತ್ತಿತ್ತು.

ಒಮ್ಮೆ ಮಾಸ್ಲೋ ಪಾಠ ಮಾಡುತ್ತಿದ್ದೆ. ಮನುಷ್ಯನ ಬೇಕುಗಳು ಐದು ಮೆಟ್ಟಿಲು. ಕೆಳಗೆ ಅನ್ನ ನೀರು, ಅದರ ಮೇಲೆ ಭದ್ರತೆ, ಆಮೇಲೆ ಪ್ರೀತಿ, ಆಮೇಲೆ ಗೌರವ, ತುದಿಯಲ್ಲಿ ತನ್ನ ಶಕ್ತಿಯನ್ನೆಲ್ಲ ಅರಳಿಸಿಕೊಳ್ಳುವುದು. ಬೋರ್ಡಿನ ಮೇಲೆ ತ್ರಿಕೋನ ಬರೆದೆ. ಮೂರನೇ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತು, "ಮೇಡಂ, ನಮ್ಮಮ್ಮ ತಾನು ಉಪವಾಸ ಇದ್ದು ನಮಗೆ ಉಣ್ಣಾಕೆ ಇಕ್ತಾರಲ್ಲ, ಅವರು ಯಾವ ಮೆಟ್ಟಿಲಲ್ಲಿ ಬರ್ತಾರೆ?" ಎಂದಳು. ತರಗತಿ ಗೊಳ್ಳೆಂದಿತು. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಲು ನಾಲಿಗೆ ಬರಲಿಲ್ಲ. "ಪರೀಕ್ಷೆಗೆ ಬರೋದನ್ನ ಓದಮ್ಮ, ಮಾತು ಕಡಿಮೆ ಮಾಡು" ಎಂದೆ. ಅವಳು ಕೂತಳು. ಆ ವರ್ಷ ಪೂರ್ತಿ ಮತ್ತೆ ಏಳಲಿಲ್ಲ.

ನಿವೃತ್ತಿಯಾದ ಮೇಲೆ, ಪುರುಸೊತ್ತಿನಲ್ಲಿ, ಮಾಸ್ಲೋ 1943ರಲ್ಲಿ ಬರೆದ ಮೂಲ ಲೇಖನವನ್ನು ಮೊದಲ ಸಲ ಓದಿದೆ. ಅದರಲ್ಲಿ ತ್ರಿಕೋನವೇ ಇಲ್ಲ! ಅದನ್ನು ಬರೆದವರು ಬೇರೆಯವರು, ಹದಿನೇಳು ವರ್ಷ ಕಳೆದ ಮೇಲೆ, 1960ರಲ್ಲಿ, ವ್ಯಾಪಾರದವರ ಪತ್ರಿಕೆಯೊಂದರಲ್ಲಿ ಎಂದು 2019ರಲ್ಲಿ ಮೂವರು ಸಂಶೋಧಕರು ಪತ್ತೆ ಮಾಡಿದ್ದಾರೆ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಚುಚ್ಚಿದ್ದು ಇನ್ನೊಂದು. ಈ ಕ್ರಮ ಕಲ್ಲಿನಲ್ಲಿ ಕೆತ್ತಿದ್ದಲ್ಲ, ಉನ್ನತ ಮೌಲ್ಯಕ್ಕಾಗಿ ಹಸಿವನ್ನೂ ಲೆಕ್ಕಿಸದೆ ಎಲ್ಲವನ್ನೂ ಬಿಡುವವರೂ ಇದ್ದಾರೆ ಎಂಬರ್ಥದ ಮಾತನ್ನು ಮಾಸ್ಲೋ ಆ ಲೇಖನದಲ್ಲೇ ಬರೆದಿದ್ದಾನೆ. ಅಂದರೆ ಮೂರನೇ ಬೆಂಚಿನ ಹುಡುಗಿಯ ಪ್ರಶ್ನೆ ಮೂಲ ಲೇಖನದಲ್ಲೇ ಇತ್ತು. ನಾನು ಬೋರ್ಡಿನ ಮೇಲೆ ಬರೆಸುತ್ತಿದ್ದ ಪುಸ್ತಕದಲ್ಲಿ ಮಾತ್ರ ಇರಲಿಲ್ಲ.

ಹಾಗಾಗಿ ಈ ಮಗು ಕೇಳಿದಾಗ, ತಕ್ಷಣ "ದಪ್ಪಂದು ಇಟ್ಕೊ" ಅಂತ ಹೇಳಿ ಕೈತೊಳೆದುಕೊಳ್ಳಲಿಲ್ಲ. ಕನ್ನಡಕ ಹಾಕಿಕೊಂಡು ಸೀರೆ ನೋಡುವಂತೆ ನೋಡಲು ಕೂತೆ.

ಮೊದಲು ಒಳಮಗ್ಗುಲು. ಯಾವ ವರ್ಷದ್ದು, ಎಷ್ಟನೇ ಆವೃತ್ತಿ? ಗೈಡಿನಲ್ಲಿ ವರ್ಷವೇ ಇರಲಿಲ್ಲ. ಹೇಳಿದ ಮಾತು ಎಲ್ಲಿಂದ ಬಂತು ಅಂತ ಎಲ್ಲಾದರೂ ಬರೆದಿದೆಯೇ? ದಪ್ಪ ಪುಸ್ತಕದ ಹಿಂದೆ ಸಣ್ಣಕ್ಷರದಲ್ಲಿ ಪುಟಗಟ್ಟಲೆ ಹೆಸರು, ವರ್ಷ. ಗೈಡಿನಲ್ಲಿ "ಪಂಡಿತರ ಪ್ರಕಾರ" ಅಂತ ಮಾತ್ರ. ಯಾವ ಪಂಡಿತರೋ, ದೇವರಿಗೇ ಗೊತ್ತು. ಮಾಸ್ಲೋ ತೆಗೆದೆ. ಎರಡರಲ್ಲೂ ತ್ರಿಕೋನ ರಾರಾಜಿಸುತ್ತಿತ್ತು. ದಪ್ಪ ಪುಸ್ತಕ ಮಾತ್ರ, ಇದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ ಎಂದು ಒಂದು ಸಾಲು ಸೇರಿಸಿತ್ತು.

ಇನ್ನೊಂದು ಅಧ್ಯಾಯ ತಿರುಗಿಸುವಷ್ಟರಲ್ಲಿ ಕರೆಂಟು ಹೋಯಿತು. 1902ರಲ್ಲಿ ನಮ್ಮ ಪಕ್ಕದ ಶಿವನಸಮುದ್ರದಲ್ಲಿ ಕಾವೇರಿಯಿಂದ ಕರೆಂಟು ತೆಗೆದು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಆ ಹೊಳೆಯ ಪಕ್ಕದ ಊರು, ಹೆಸರಿನಲ್ಲೇ ಬೆಳಕು ಇಟ್ಟುಕೊಂಡ ಊರು, ಈಗ ಕತ್ತಲೆ. ತಮ್ಮನ ಹೆಂಡತಿ ಬ್ಯಾಟರಿ ದೀಪ ತಂದು ನಡುಮನೆಯಲ್ಲಿಟ್ಟು, ನೆನೆಹಾಕಿದ ಅವರೆಕಾಳಿನ ಬೋಗುಣಿ ಮುಂದಿಟ್ಟುಕೊಂಡು ಹಿತಕಲು ಕೂತಳು. ನನ್ನ ಕೈ ನಿಂತಿದ್ದು ಹಾಥಾರ್ನ್ ಅಧ್ಯಾಯದ ಮೇಲೆ. ಅದೂ ಬೆಳಕಿನದೇ ಕಥೆ.

ಗೈಡು ಅದನ್ನು ಆರು ಸಾಲಿನಲ್ಲಿ ಮುಗಿಸಿತ್ತು. ಅಮೆರಿಕದಲ್ಲಿ, ಶಿಕಾಗೋ ನಗರದ ಪಕ್ಕ, ಟೆಲಿಫೋನ್ ಸಾಮಾನು ಮಾಡುವ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆ. 1924ರಲ್ಲಿ ಅಲ್ಲಿ ದೀಪದ ಬೆಳಕು ಹೆಚ್ಚಿಸಿ ನೋಡಿದರು, ಉತ್ಪಾದನೆ ಹೆಚ್ಚಿತು. ಬೆಳಕು ಕಡಿಮೆ ಮಾಡಿದರು, ಆಗಲೂ ಹೆಚ್ಚಿತು. ಆಮೇಲೆ ಕೆಲವು ಹುಡುಗಿಯರನ್ನು ಬೇರೆ ಕೋಣೆಯಲ್ಲಿ ಕೂರಿಸಿ, ವಿರಾಮ ಕೊಟ್ಟು, ತಿಂಡಿ ಕೊಟ್ಟು ನೋಡಿದರು, ಉತ್ಪಾದನೆ ಏರುತ್ತಲೇ ಹೋಯಿತು. ಆದ್ದರಿಂದ ಕೆಲಸಗಾರರಿಗೆ ಬೇಕಾದದ್ದು ಗಮನ ಮತ್ತು ವಿಶ್ವಾಸ. ಹದಿನೈದು ಅಂಕ.

ನಾನೂ ಇಷ್ಟನ್ನೇ 29 ವರ್ಷ ಹೇಳಿದ್ದೆ. ದಪ್ಪ ಪುಸ್ತಕ ಒಂದೂವರೆ ಪುಟ ಬರೆದಿತ್ತು. ಈ ಪ್ರಯೋಗದ ಬಗ್ಗೆ ತಕರಾರುಗಳಿವೆ ಎಂದು ಒಪ್ಪಿಕೊಂಡಿತ್ತು, ಆದರೆ ಏನು ತಕರಾರು ಎಂದು ಬಿಡಿಸಿರಲಿಲ್ಲ. ಅದನ್ನು ನಾನು ಆ ದೀಪದ ಬೆಳಕಿನಲ್ಲಿ ಹೇಳಿದೆ.

"ಆ ಕೋಣೆಯಲ್ಲಿ 1927ರಲ್ಲಿ ಕೂರಿಸಿದ್ದು ಆರು ಜನ ಹುಡುಗಿಯರನ್ನು. ಐದು ಜನ ರಿಲೇ ಅನ್ನೋ ಸಣ್ಣ ಯಂತ್ರ ಜೋಡಿಸೋರು, ಒಬ್ಬಳು ಬಿಡಿಭಾಗ ಎತ್ತಿಕೊಡೋಳು. ಬರೀ ತಿಂಡಿ, ವಿಶ್ವಾಸ ಅಲ್ಲ, ಕೂಲಿಯ ಲೆಕ್ಕಾನೂ ಬದಲಾಯಿಸಿದ್ರು. ಮೊದಲು ದೊಡ್ಡ ಗುಂಪಿನ ಲೆಕ್ಕದಲ್ಲಿ ಸಂಬಳ. ಇಲ್ಲಿ ಇಷ್ಟೇ ಜನದ ಲೆಕ್ಕ. ಹೆಚ್ಚು ಮಾಡಿದ್ರೆ ದುಡ್ಡು ತಮ್ಮ ಕೈಗೇ ಬರತ್ತೆ. ಅದೂ ಅಲ್ಲದೆ, 1928ರ ಜನವರಿಯಲ್ಲಿ ಅವರಲ್ಲಿ ಇಬ್ಬರನ್ನ ಕೋಣೆಯಿಂದ ತೆಗೆದುಬಿಟ್ರು. ಮಾತು ಜಾಸ್ತಿ, ಸಹಕಾರ ಇಲ್ಲ ಅಂತ. ಅವರ ಜಾಗಕ್ಕೆ ಚುರುಕಾಗಿ ಕೈ ಓಡಿಸೋ ಇಬ್ಬರನ್ನ ತಂದು ಕೂರಿಸಿದ್ರು. ಆಮೇಲೆ ಉತ್ಪಾದನೆ ಏರಿತು."

ಇದನ್ನೆಲ್ಲ ಬರೆದ ದೊಡ್ಡ ವರದಿ 1939ರಲ್ಲೇ ಅಚ್ಚಾಗಿದೆ, ಮುಚ್ಚಿಟ್ಟಿದ್ದೇನಲ್ಲ. 1967ರಲ್ಲಿ ಅಲೆಕ್ಸ್ ಕೇರಿ ಎಂಬಾತ ಇದನ್ನೇ ಎತ್ತಿ ಹಿಡಿದು, ವಿಶ್ವಾಸದ ಫಲ ಅನ್ನುವುದು ನಿಮ್ಮ ಅಂಕಿಗಳಿಂದ ಹೊರಡುವುದೇ ಇಲ್ಲ ಎಂದು ಬರೆದ. ಕಳೆದೇಹೋಗಿವೆ ಎಂದುಕೊಂಡಿದ್ದ ಆ ಬೆಳಕಿನ ಪ್ರಯೋಗದ ಅಂಕಿಗಳನ್ನು ಇಬ್ಬರು ಅರ್ಥಶಾಸ್ತ್ರಜ್ಞರು ಹುಡುಕಿ ತೆಗೆದು, ಮತ್ತೆ ಲೆಕ್ಕ ಹಾಕಿ, ಜನ ಹೇಳುವ ಕಥೆ ಅವುಗಳಲ್ಲಿ ಹೆಚ್ಚೇನೂ ಕಾಣುವುದಿಲ್ಲ ಎಂದು 2011ರಲ್ಲಿ ಪ್ರಕಟಿಸಿದರು. ಆದರೂ ಗೈಡುಗಳಲ್ಲಿ ಆ ಆರು ಸಾಲು ಅಲುಗಿಲ್ಲ.

ಹುಡುಗಿ ಬಾಯಿ ತೆರೆದುಕೊಂಡು ಕೇಳುತ್ತಿದ್ದಳು. ತಮ್ಮನ ಹೆಂಡತಿಯ ಬೆರಳು ಅವರೆಕಾಳಿನ ಮೇಲೆ ನಿಂತಿತ್ತು.

"ಅಲ್ಲ ಕಣಕ್ಕ, ಆ ಇಬ್ರು ಹುಡುಗೀರು ಎಲ್ಲಿಗೆ ಹೋದ್ರು?" ಎಂದಳು.

"ತಮ್ಮ ಹಳೇ ವಿಭಾಗಕ್ಕೆ ವಾಪಸ್ ಕಳಿಸಿದ್ರು."

"ಅವರನ್ನ ಯಾರೂ ಏನೂ ಕೇಳ್ಲಿಲ್ವಾ, ಯಾಕವ್ವಾ ಮಾತಾಡ್ತಿದ್ರಿ ಅಂತ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಸಲ ಹಾಗಂತ ಹೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ಕಾಳು ಹಿತಕುತ್ತಾ, ನಮ್ಮನ್ನು ನೋಡದೆ ಹೇಳಿದಳು. "ನನ್ನೂ ಹಂಗೇ ಮಾಡುದ್ರು ಬುಡಕ್ಕ. ಸ್ವಸಹಾಯ ಸಂಘದಲ್ಲಿ ಇದ್ನಲ್ಲ, ನಾಲ್ಕು ವರ್ಷ ಪ್ರತಿನಿಧಿ. ವಾರವಾರ ಕಟ್ಟೋ ದುಡ್ಡಿನ ಪಾಸ್‌ಬುಕ್ ಎಲ್ಲರ ಮುಂದೆ ಒಂದು ಸಲ ಗಟ್ಟಿಯಾಗಿ ಓದ್ಬುಡಿ ಅಂದೆ. ಓದು ಬರದೋರೂ ಅವ್ರಲ್ಲ ನಮ್ಮಲ್ಲಿ. ಮುಂದಿನ ವಾರ ಹೋದ್ರೆ ನನ್ನ ಜಾಗದಲ್ಲಿ ಬೇರೆಯೋರು ಕೂತವ್ರೆ. ಇವಳದು ಬಾಯಿ ಜಾಸ್ತಿ, ಸಂಘ ಒಡೀತಾಳೆ ಅಂದ್ರಂತೆ. ಲೆಕ್ಕ ಸರಿಯಾಗೇ ಇತ್ತೋ ಏನೋ. ನಾನು ಕದ್ದವ್ರೆ ಅನ್ಲಿಲ್ಲ, ಓದಿ ಅಂದೆ ಅಷ್ಟೆಯ. ಆ ವರ್ಷ ಒಳ್ಳೆ ಸಂಘ ಅಂತ ಬಹುಮಾನಾನೂ ಬಂತು."

ಮಗಳಿಗೆ ಇದು ಗೊತ್ತಿರಲಿಲ್ಲ. ಅಮ್ಮನಿಗೆ ಕೆಲಸ ಜಾಸ್ತಿ ಆಗಿ ಸಂಘ ಬಿಟ್ಟಿದ್ದಾಳೆ ಎಂದೇ ಅವಳು ತಿಳಿದಿದ್ದಳು. ನಾನೂ ಹಾಗೇ ತಿಳಿದಿದ್ದೆ. ವರ್ಷಕ್ಕೆರಡು ಸಲ ಬಂದು ಉಂಡು, ಮಡಿಲು ತುಂಬಿಸಿಕೊಂಡು ಹೋಗುವ ನಾನು, ಕೇಳಿರಲಿಲ್ಲ.

ಆ ರಾತ್ರಿ ಹಿತಕವರೆ ಸಾರು ಉಂಡಮೇಲೆ ಪರೀಕ್ಷೆಯ ಕೊನೇ ಭಾಗ ಮುಗಿಸಿದೆವು. ನಮ್ಮ ಜನ ಇದರಲ್ಲಿ ಎಲ್ಲಿದ್ದಾರೆ ನೋಡು ಎಂದೆ. ದಪ್ಪ ಪುಸ್ತಕದಲ್ಲಿ ಇಂಡಿಯಾ ಅಂದರೆ ಬೆಂಗಳೂರಿನ ಗಾಜಿನ ಕಟ್ಟಡದ ಕಂಪನಿಗಳು, ಅಲ್ಲೊಂದು ಇಲ್ಲೊಂದು ಚೌಕದಲ್ಲಿ. 1953ರಲ್ಲಿ ಅಹಮದಾಬಾದಿನ ಕ್ಯಾಲಿಕೋ ಮಿಲ್ಲಿನಲ್ಲಿ ನೇಕಾರರೇ ಸಣ್ಣ ಸಣ್ಣ ಗುಂಪುಗಳಾಗಿ ಮಗ್ಗಗಳನ್ನು ಹಂಚಿಕೊಂಡು ದುಡಿದ ಪ್ರಯೋಗ, ಎ.ಕೆ. ರೈಸ್ ಬರೆದದ್ದು, ಅದೂ ಇರಲಿಲ್ಲ. ನಮ್ಮ ಮಂಡ್ಯದ ಮೇಲೆಯೇ ಒಂದು ಹೆಸರಾಂತ ಪುಸ್ತಕ ಇದೆಯೆಂದರೆ ಹುಡುಗಿ ನಂಬಲಿಲ್ಲ. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಹೆಣ್ಣುಮಗಳು 1950ರ ದಶಕದಲ್ಲಿ ಇಂಗ್ಲೆಂಡಿನಿಂದ ಬಂದು ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿ ವಾಸವಿದ್ದು 1962ರಲ್ಲಿ ಬರೆದದ್ದು. ಒಂದು ಹಳ್ಳಿಗೆ ನಾಲೆ ನೀರು ಬಂತು, ಇನ್ನೊಂದಕ್ಕೆ ಬರಲಿಲ್ಲ. ನೀರು ಬಂದ ಹಳ್ಳಿ ಕಬ್ಬು ಬೆಳೆದು ಸಿರಿವಂತವಾಯಿತು, ಆದರೆ ಒಕ್ಕಲಿಗೂ ಆಳಿಗೂ ನಡುವಿನ ಹಳೇ ಕಟ್ಟುಪಾಡು ಹೆಚ್ಚುಕಡಿಮೆ ಹಾಗೇ ಉಳಿಯಿತು. ನೀರು ಬಾರದ ಹಳ್ಳಿಯವರು ಸಕ್ಕರೆ ಕಾರ್ಖಾನೆಯ ಕೆಲಸ, ಹಿಟ್ಟಿನ ಗಿರಣಿ, ವ್ಯಾಪಾರ ಅಂತ ಹೊರಗೆ ಹೊರಟರು, ಅಲ್ಲಿ ಹಳೇ ಕಟ್ಟು ಸಡಿಲವಾಯಿತು. ಜನ ಯಾಕೆ ಬದಲಾಗುತ್ತಾರೆ, ಯಾಕೆ ಬದಲಾಗುವುದಿಲ್ಲ ಎಂದು ಹೇಳಲು ಇದಕ್ಕಿಂತ ಹತ್ತಿರದ ಪಾಠ ಬೇಕೆ?

"ಹಂಗಾದ್ರೆ ಎರಡೂ ಚೆನ್ನಾಗಿಲ್ವಾ ಅತ್ತೆ?" ಎಂದಳು ಮಗು, ಪೆಚ್ಚಾಗಿ.

ದಪ್ಪಂದನ್ನೇ ಇಟ್ಟುಕೊ ಎಂದೆ. ಅದರಲ್ಲಿ ಕೊರತೆ ಇದೆ, ಆದರೆ ಎಲ್ಲಿಂದ ತಂದೆ ಎಂದು ಹಿಂದುಗಡೆ ಬರೆದಿದೆ. ಅನುಮಾನ ಬಂದರೆ ನೀನೇ ಹೋಗಿ ನೋಡಬಹುದು, ಸುಳ್ಳಾದರೆ ಸಿಕ್ಕಿಬೀಳುತ್ತದೆ. ಗೈಡಿನಲ್ಲಿ ಅಂಥ ಬಾಗಿಲೇ ಇಲ್ಲ. ಪರೀಕ್ಷೆಗೆ ಒಂದು ವಾರ ಮುಂಚೆ ಯಾರ ಹತ್ತಿರವಾದರೂ ಗೈಡು ಈಸ್ಕೊ, ಅಂಕಕ್ಕೆ ಬೇಕಾದ್ದು ನೋಡಿಕೊ, ವಾಪಸ್ ಕೊಡು. ಅಂಕ ಬೇಡ ಅಂತ ಹೇಳುವಷ್ಟು ದೊಡ್ಡವಳಲ್ಲ ನಾನು. ಅವಳಿಗೆ ಕೆಲಸ ಸಿಗಬೇಕು.

ಬೆಳಿಗ್ಗೆ ಎದ್ದಾಗ ಅವಳು ದಪ್ಪ ಪುಸ್ತಕದ ಮೇಲೆ ಹೆಸರು ಬರೆದಾಗಿತ್ತು. ಇನ್ನು ಅಂಗಡಿಯವನು ವಾಪಸ್ ತೆಗೆದುಕೊಳ್ಳುವುದಿಲ್ಲ. ಸುಮ್ಮನೆ ಹಾಳೆ ತಿರುಗಿಸಿದೆ. ಹಾಥಾರ್ನ್ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಗುಂಡಗೆ ಬರೆದಿದ್ದಳು: "ಆ ಇಬ್ಬರು ಎಲ್ಲಿಗೆ ಹೋದರು? ಅಮ್ಮ ಕೇಳಿದ್ದು."

ಬಸ್ಸಿನಲ್ಲಿ ವಾಪಸ್ ಬರುವಾಗ ಮಳವಳ್ಳಿಯವರೆಗೂ ಮೂರನೇ ಬೆಂಚಿನ ಹುಡುಗಿಯ ಹೆಸರು ನೆನಪಿಸಿಕೊಳ್ಳಲು ನೋಡಿದೆ. ಎರಡು ಜಡೆ ನೆನಪಿದೆ, ನೀಲಿ ಲಂಗ ನೆನಪಿದೆ, ಅವಳ ಪ್ರಶ್ನೆ ಒಂದಕ್ಷರ ಬಿಡದೆ ನೆನಪಿದೆ. ಹೆಸರು ಬರಲಿಲ್ಲ.